ಮೆರಿ-ಗೋ-ರೌಂಡಿನ ಮೊದಲ ಸುತ್ತು

ಪುಟ್ಟ ಮಗುವನ್ನು ಆಟದ ಕುದುರೆಯ ಮೇಲೆ ಕೂರಿಸಿ, ಬೀಳದಂತೆ ಪಕ್ಕದಲ್ಲಿ ನಿಂತು, ನಾಲ್ಕು ಸುತ್ತು ಸುತ್ತಿಸಿ ಇಳಿಸುವುದು ಯಾವ ಅಪ್ಪನಿಗೂ ದೊಡ್ಡ ಸಾಹಸವಲ್ಲ. ಊರ ಜಾತ್ರೆಯ ತೊಟ್ಟಿಲಿನಿಂದ ಹಿಡಿದು ಇಂದಿನ ಥೀಮ್ ಪಾರ್ಕಿನವರೆಗೆ ಎಲ್ಲೆಡೆ ನಡೆಯುವ ಸಂಗತಿ ಇದು. ಮಗು ಹಟ ಹಿಡಿಯುತ್ತದೆ. ದೊಡ್ಡವರು ರಜೆ ನೋಡಿಕೊಂಡು ಕರೆದೊಯ್ಯುತ್ತಾರೆ. ಸಂಜೆಗೆ ಎಲ್ಲರೂ ದಣಿದು ಮನೆ ಸೇರುತ್ತಾರೆ. ಇದನ್ನು ಚರಿತ್ರೆಯಲ್ಲಿ ಬರೆದಿಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಆದರೆ ಅಮೆರಿಕದ ಚರಿತ್ರೆಯಲ್ಲಿ ಇಂಥದೇ ಒಂದು ಸುತ್ತು ದಾಖಲಾಗಿದೆ. 1963ರ ಆಗಸ್ಟ್ 28ರಂದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದ ಅಂಚಿನಲ್ಲಿದ್ದ ಗ್ವಿನ್ ಓಕ್ ಪಾರ್ಕಿನಲ್ಲಿ 11 ತಿಂಗಳ ಹೆಣ್ಣು ಮಗುವೊಂದು ಮೆರಿ-ಗೋ-ರೌಂಡಿನ ಕುದುರೆ ಏರಿತು. ಮಗುವಿನ ಹೆಸರು ಶರಾನ್ ಲ್ಯಾಂಗ್ಲಿ. ಪಕ್ಕದಲ್ಲಿ ಆಕೆಯ ತಂದೆ ಚಾರ್ಲ್ಸ್ ಲ್ಯಾಂಗ್ಲಿ ನಿಂತಿದ್ದರು. ಅದುವರೆಗೆ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಆ ಪಾರ್ಕು ಎಲ್ಲರಿಗೂ ತೆರೆದ ದಿನ ಅದು. ಅಂದು ಅಲ್ಲಿ ಸವಾರಿ ಮಾಡಿದ ಮೊದಲ ಕಪ್ಪು ಮಗು ಶರಾನ್. ಆ ಕೆಲವು ನಿಮಿಷಗಳ ಹಿಂದೆ ಎಂಟು ವರ್ಷಗಳ ಪ್ರತಿಭಟನೆ, ನೂರಾರು ಜನರ ಬಂಧನ, ಏಟು ತಿಂದವರ ರಕ್ತ ಎಲ್ಲವೂ ಇದ್ದವು.

ಬಸ್ಸು, ಶಾಲೆ, ಮತಪೆಟ್ಟಿಗೆಗಳಿಗಾಗಿ ಅಮೆರಿಕದ ಕರಿಯರು ನಡೆಸಿದ ಹೋರಾಟ ಎಲ್ಲರಿಗೂ ಗೊತ್ತು. ಮಕ್ಕಳ ಆಟದ ಜಾಗಕ್ಕಾಗಿಯೂ ಅಷ್ಟೇ ಕಠಿಣವಾದ ಹೋರಾಟ ನಡೆಯಿತೆಂಬುದು ಅಷ್ಟಾಗಿ ತಿಳಿದಿಲ್ಲ. ಆಟಕ್ಕೆ ಇಷ್ಟೊಂದು ಜಗಳ ಏಕೆ ಎಂದು ಆ ಕಾಲದಲ್ಲೂ ಕೇಳಿದವರಿದ್ದರು. ಅದಕ್ಕೆ ಉತ್ತರ ತಿಳಿಯಬೇಕಾದರೆ ಈ ಪಾರ್ಕುಗಳು ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು.

ಟ್ರಾಮು ಹಳಿಯ ಕೊನೆಯಲ್ಲಿ

ಅಮೆರಿಕದ ನಗರಗಳಲ್ಲಿ ವಿದ್ಯುತ್ ಟ್ರಾಮುಗಳು ಓಡತೊಡಗಿದ್ದು 1880ರ ದಶಕದ ಕೊನೆಯಲ್ಲಿ. ಕೆಲಸದ ದಿನಗಳಲ್ಲಿ ಟ್ರಾಮುಗಳು ತುಂಬಿ ತುಳುಕುತ್ತಿದ್ದವು. ಭಾನುವಾರ ಖಾಲಿ ಓಡುತ್ತಿದ್ದವು. ಹಳಿ, ಬಂಡಿ, ವಿದ್ಯುತ್ತಿಗೆ ಹಾಕಿದ ಬಂಡವಾಳ ಮಾತ್ರ ಏಳು ದಿನವೂ ಒಂದೇ. ರಜೆಯ ದಿನವೂ ಜನ ಟ್ರಾಮು ಹತ್ತುವಂತೆ ಮಾಡಲು ಕಂಪನಿಗಳು ಒಂದು ಉಪಾಯ ಹೂಡಿದವು. ಹಳಿ ಮುಗಿಯುವ ಜಾಗದಲ್ಲಿ, ಊರಾಚೆಯ ಮರಗಳ ನೆರಳಿನಲ್ಲಿ, ಒಂದು ವಿಹಾರ ತಾಣ ಕಟ್ಟಿದವು. ಮೊದಮೊದಲು ಅಲ್ಲಿ ಊಟದ ಬುತ್ತಿ ಬಿಚ್ಚಲು ಬೆಂಚುಗಳು, ಬ್ಯಾಂಡ್ ಸೆಟ್ಟು, ದೋಣಿಗಳಿದ್ದವು. ನಂತರ ಸುತ್ತುವ ಕುದುರೆ, ಎತ್ತರದ ಚಕ್ರ, ನೃತ್ಯಶಾಲೆ, ಈಜುಕೊಳಗಳು ಸೇರಿಕೊಂಡವು. ಪಿಟ್ಸ್‌ಬರ್ಗ್‌ನ ಕೆನಿವುಡ್ ಪಾರ್ಕು 1898ರಲ್ಲಿ ಹೀಗೆಯೇ ಹುಟ್ಟಿತು. ಗ್ವಿನ್ ಓಕ್ ಕೂಡ 1890ರ ದಶಕದಲ್ಲಿ ಟ್ರಾಮು ಕಂಪನಿಯ ಆಶ್ರಯದಲ್ಲಿ ಬೆಳೆದದ್ದೇ.

ಇದೇ ಕಾಲಕ್ಕೆ ನ್ಯೂಯಾರ್ಕಿನ ಕಡಲ ಕಿನಾರೆಯ ಕೋನಿ ಐಲೆಂಡ್ ಜಗತ್ಪ್ರಸಿದ್ಧವಾಗುತ್ತಿತ್ತು. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಅಲ್ಲಿ ಏರಿಳಿತದ ಹಳಿಯ ಮೇಲೆ ಬಂಡಿ ಓಡಿಸಿ ತಲೆಗೆ 5 ಸೆಂಟು ವಸೂಲು ಮಾಡಿದ. ಇಂದಿನ ರೋಲರ್ ಕೋಸ್ಟರಿನ ವಂಶವೃಕ್ಷ ಅಲ್ಲಿಗೆ ಹೋಗಿ ಮುಟ್ಟುತ್ತದೆ. 1893ರ ಷಿಕಾಗೋ ಜಾಗತಿಕ ಮೇಳದಲ್ಲಿ ಎಂಜಿನಿಯರ್ ಜಾರ್ಜ್ ಫೆರಿಸ್ 264 ಅಡಿ ಎತ್ತರದ ಚಕ್ರ ನಿಲ್ಲಿಸಿದ್ದ. ಅದನ್ನು ಕಂಡು ಬೆರಗಾದ ಜಾರ್ಜ್ ಟಿಲ್ಯು 1897ರಲ್ಲಿ ಕೋನಿ ಐಲೆಂಡಿನಲ್ಲಿ ಸ್ಟೀಪಲ್‌ಚೇಸ್ ಪಾರ್ಕನ್ನು ತೆರೆದ. ಅದರ ಹಿಂದೆಯೇ 1903ರಲ್ಲಿ ಲೂನಾ ಪಾರ್ಕು, 1904ರಲ್ಲಿ ಡ್ರೀಮ್‌ಲ್ಯಾಂಡ್ ಬಂದವು.

ಈ ತಾಣಗಳಿಗೆ ಬರುತ್ತಿದ್ದವರು ಹೆಚ್ಚಾಗಿ ಕಾರ್ಖಾನೆಯ ಕೂಲಿಗಳು, ಗುಮಾಸ್ತರು, ಹೊಲಿಗೆ ಕೆಲಸದ ಹುಡುಗಿಯರು. ಇಟಲಿ, ಐರ್ಲೆಂಡ್, ರಷ್ಯಾ, ಪೋಲೆಂಡುಗಳಿಂದ ಹಡಗು ಹತ್ತಿ ಬಂದವರು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದವರು. ನಗರದ ಬೀದಿಯಲ್ಲಿ ಪರಸ್ಪರ ಮುಖ ತಿರುಗಿಸುತ್ತಿದ್ದವರು ಇಲ್ಲಿ ಒಂದೇ ಬಂಡಿಯಲ್ಲಿ ಕೂತು ಒಟ್ಟಿಗೆ ಕಿರುಚುತ್ತಿದ್ದರು. ವಲಸೆ ಬಂದವರನ್ನು ಅಮೆರಿಕನ್ನರನ್ನಾಗಿ ಮಾಡಿದ್ದರಲ್ಲಿ ಶಾಲೆಯಂತೆ ಈ ಪಾರ್ಕುಗಳಿಗೂ ಪಾಲಿದೆ ಎಂದರೆ ತಪ್ಪಾಗದು. ಆದರೆ ಆ ಕೂಟದಿಂದ ಒಂದು ಜನವನ್ನು ಹೊರಗಿಡಲಾಗಿತ್ತು. ಅವರು ಹಡಗಿನಿಂದ ನಿನ್ನೆ ಮೊನ್ನೆ ಇಳಿದವರಲ್ಲ; ತಲೆತಲಾಂತರದಿಂದ ಆ ನೆಲದಲ್ಲೇ ದುಡಿದ ಕರಿಯರು.

ವರ್ಷಕ್ಕೊಂದು ದಿನ

1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ಲೆಸಿ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ರೈಲಿನಲ್ಲಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಡಬ್ಬಿಗಳಿರುವುದು ತಪ್ಪಲ್ಲ ಎಂದಿತು. ದಕ್ಷಿಣದ ರಾಜ್ಯಗಳು ಅದನ್ನೇ ಆಧಾರ ಮಾಡಿಕೊಂಡು ಹೋಟೆಲು, ಆಸ್ಪತ್ರೆ, ಕುಡಿಯುವ ನೀರಿನ ನಲ್ಲಿಗಳಿಗೂ ಗೆರೆ ಎಳೆದವು. ಉತ್ತರದ ರಾಜ್ಯಗಳಲ್ಲಿ ಅಂಥ ಕಾನೂನು ಇರಲಿಲ್ಲ. ಹಲವೆಡೆ ಭೇದ ಮಾಡಬಾರದೆಂಬ ಕಾನೂನೇ ಇತ್ತು. ಆದರೂ ಪಾರ್ಕಿನ ಗೇಟಿನಲ್ಲಿ ನಿಂತ ಕಾವಲುಗಾರನಿಗೆ ಯಾರನ್ನು ತಡೆಯಬೇಕೆಂಬುದು ಗೊತ್ತಿರುತ್ತಿತ್ತು. ಇದು ಖಾಸಗಿ ಜಾಗ, ಯಾರು ಬರಬೇಕೆಂದು ತೀರ್ಮಾನಿಸುವುದು ಮಾಲೀಕರ ಹಕ್ಕು ಎಂಬ ಒಂದು ಮಾತು ಸಾಕಾಗುತ್ತಿತ್ತು.

ಕರಿಯರು ಪಾರ್ಕುಗಳಲ್ಲಿ ಕಾಣಿಸುತ್ತಲೇ ಇರಲಿಲ್ಲವೆಂದಲ್ಲ. ಅವರು ಕಸ ಗುಡಿಸುತ್ತಿದ್ದರು, ಅಡಿಗೆ ಮಾಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಲವು ಪಾರ್ಕು ಮತ್ತು ಮೇಳಗಳಲ್ಲಿ ಒಂದು ಆಟವಿತ್ತು. ಪರದೆಯ ತೂತಿನಿಂದ ಕರಿಯನೊಬ್ಬ ತಲೆ ಹೊರಗೆ ಚಾಚಬೇಕು. ಕಾಸು ಕೊಟ್ಟವರು ಅವನ ತಲೆಗೆ ಚೆಂಡು ಎಸೆಯಬೇಕು. ತಾಗಿದರೆ ಬಹುಮಾನ. ತಂದೆಯರು ಮಕ್ಕಳ ಕೈಗೆ ಚೆಂಡು ಕೊಟ್ಟು ಗುರಿ ಹಿಡಿಸುತ್ತಿದ್ದ ಕಾಲ ಅದು. ಆಟದ ಜಾಗ ಮಕ್ಕಳಿಗೆ ಏನೆಲ್ಲವನ್ನು ಕಲಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೆಲವು ಕಡೆ ಕರಿಯರಿಗೆಂದು ವರ್ಷಕ್ಕೊಂದು ದಿನ ಗೊತ್ತುಮಾಡುವ ಪದ್ಧತಿ ಇತ್ತು. ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ ನಡೆಯುವ ದೊಡ್ಡ ಮೇಳದಲ್ಲಿ ಆ ದಿನಕ್ಕೆ ‘ನೀಗ್ರೋ ಸಾಧನಾ ದಿನ’ ಎಂಬ ಭರ್ಜರಿ ಹೆಸರು. ಉಳಿದ ದಿನಗಳಲ್ಲಿ ಅವರಿಗೆ ಮೇಳದ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. 1955ರಲ್ಲಿ ಹುವಾನಿಟಾ ಕ್ರಾಫ್ಟ್ ಎಂಬ ಮಹಿಳೆ ತರುಣರನ್ನು ಕಟ್ಟಿಕೊಂಡು ಆ ದಿನದಂದೇ ಗೇಟಿನ ಮುಂದೆ ಪಿಕೆಟಿಂಗ್ ನಡೆಸಿದರು. ಒಂದು ದಿನದ ಔದಾರ್ಯ ಬೇಡ, ಎಲ್ಲ ದಿನಗಳ ಹಕ್ಕು ಬೇಕು ಎಂಬುದು ಅವರ ವಾದ.

ತಮ್ಮದೇ ಪಾರ್ಕು ಕಟ್ಟಿಕೊಂಡ ಉದಾಹರಣೆಗಳೂ ಉಂಟು. ರಾಜಧಾನಿ ವಾಷಿಂಗ್ಟನ್ನಿನಲ್ಲಿ 1921ರಲ್ಲಿ ಕರಿಯರ ಒಡೆತನದ ಸಬರ್ಬನ್ ಗಾರ್ಡನ್ಸ್ ಆರಂಭವಾಯಿತು. ರೋಲರ್ ಕೋಸ್ಟರು, ನೃತ್ಯಶಾಲೆ ಎಲ್ಲವೂ ಇದ್ದ ಆ ಪಾರ್ಕು 1940ರವರೆಗೆ ನಡೆಯಿತು. ಅದು ಮುಚ್ಚಿದ ಮೇಲೆ ಆ ಊರಿನ ಕರಿಯ ಮಕ್ಕಳು ಬೇಲಿಯ ಹೊರಗಿನಿಂದ ಬೇರೆಯವರ ಪಾರ್ಕಿನ ದೀಪ ನೋಡಬೇಕಾಯಿತು.

ಬೆಂಚಿನ ಮೇಲಿನ ತಂದೆ

ಅಲ್ಲಿಯವರೆಗೆ ಈ ಪಾರ್ಕುಗಳಲ್ಲಿ ಒಂದೋ ಹರೆಯದವರ ಗದ್ದಲ, ಇಲ್ಲವೇ ಮಕ್ಕಳಿಗೆ ಮಾತ್ರ ಹೊಂದುವ ಸಣ್ಣ ಆಟಗಳು. ಅಪ್ಪ ಅಮ್ಮಂದಿರ ಕೆಲಸ ಟಿಕೆಟ್ ಕೊಂಡು ಕಾಯುವುದು. ಈ ಬೇಸರವನ್ನು ಅನುಭವಿಸಿದವರಲ್ಲಿ ಚಲನಚಿತ್ರ ನಿರ್ಮಾಪಕ ವಾಲ್ಟ್ ಡಿಸ್ನಿ ಒಬ್ಬ. ತನ್ನ ಇಬ್ಬರು ಹೆಣ್ಣು ಮಕ್ಕಳನ್ನು ಶನಿವಾರಗಳಂದು ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನ ಮೆರಿ-ಗೋ-ರೌಂಡಿಗೆ ಕರೆದೊಯ್ದು, ತಾನು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದಾಗ, ದೊಡ್ಡವರೂ ಮಕ್ಕಳೂ ಜೊತೆಯಾಗಿ ಸಂತೋಷಪಡುವ ಜಾಗವೊಂದು ಇರಬೇಕಲ್ಲ ಎಂಬ ಯೋಚನೆ ಹೊಳೆಯಿತೆಂದು ಆತ ಹೇಳುತ್ತಿದ್ದ. ಆ ಯೋಚನೆ 1955ರ ಜುಲೈ 17ರಂದು ಕ್ಯಾಲಿಫೋರ್ನಿಯದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಆಗಿ ತೆರೆದುಕೊಂಡಿತು. ಒಂದೊಂದು ಭಾಗಕ್ಕೂ ಒಂದೊಂದು ಕಥಾವಸ್ತು ಇಟ್ಟು, ಕಟ್ಟಡ, ವೇಷ, ಸಂಗೀತ ಎಲ್ಲವನ್ನೂ ಅದಕ್ಕೆ ಹೊಂದಿಸಿದ್ದರಿಂದ ‘ಥೀಮ್ ಪಾರ್ಕ್’ ಎಂಬ ಹೆಸರು ರೂಢಿಗೆ ಬಂತು.

ಡಿಸ್ನಿಲ್ಯಾಂಡಿನ ಜೊತೆಗೆ ಇನ್ನೊಂದು ಹೊಸತೂ ಬಂತು. ಅದರ ಉದ್ಘಾಟನೆಯನ್ನು ಎಬಿಸಿ ವಾಹಿನಿ ಟೆಲಿವಿಷನ್ನಿನಲ್ಲಿ ನೇರವಾಗಿ ತೋರಿಸಿತು. ಕಾರ್ಯಕ್ರಮ ನಡೆಸಿಕೊಟ್ಟವರಲ್ಲಿ ಒಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದ ನಟ ರೊನಾಲ್ಡ್ ರೇಗನ್. ಪಾರ್ಕುಗಳ ಜಾಹೀರಾತು ಈಗ ಬೀದಿ ಗೋಡೆ ಬಿಟ್ಟು ಮನೆಯ ಹಜಾರದೊಳಕ್ಕೆ ಬಂದಿತು. ಗೇಟಿನ ಕಾವಲುಗಾರ ಬಣ್ಣ ನೋಡಿ ತಡೆಯಬಲ್ಲ, ಟಿ.ವಿ. ಪೆಟ್ಟಿಗೆಗೆ ನೋಡುವವರ ಬಣ್ಣ ಕಾಣಿಸುವುದಿಲ್ಲ. ‘ಮಕ್ಕಳೇ, ಎಲ್ಲರೂ ಬನ್ನಿ’ ಎಂಬ ಕರೆ ಕರಿಯರ ಮನೆಗಳಲ್ಲೂ ಅದೇ ಉತ್ಸಾಹದಿಂದ ಕೇಳಿಸತೊಡಗಿತು. ಹಳೆಯ ಭೇದ ಹೊಸ ಯಂತ್ರದ ಮುಂದೆ ಸಿಕ್ಕಿಬಿದ್ದದ್ದು ಇಲ್ಲಿಯೇ.

ಕರೆ ಬಂದದ್ದು ಯಾರಿಗೆ?

ಡಿಸ್ನಿಲ್ಯಾಂಡಿಗೂ ಮೂರು ವರ್ಷ ಮೊದಲು, 1952ರಲ್ಲಿ, ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಮರಿಯನ್ ಸ್ಪೆನ್ಸರ್ ಎಂಬ ತಾಯಿಯ ಇಬ್ಬರು ಗಂಡು ಮಕ್ಕಳು ಇಂಥದೊಂದು ಕರೆ ಕೇಳಿದರು. ನ್ಯೂಯಾರ್ಕಿನದೇ ಹೆಸರು ಹೊತ್ತ ಕೋನಿ ಐಲೆಂಡ್ ಪಾರ್ಕು ಆ ಊರಿನಲ್ಲೂ ಇತ್ತು. ಹೋಗೋಣ ಎಂದು ಮಕ್ಕಳು ಕುಣಿದರು. ತಾಯಿ ಪಾರ್ಕಿಗೆ ಫೋನು ಮಾಡಿ, ಎಲ್ಲ ಮಕ್ಕಳೂ ಬರಬಹುದೇ ಎಂದು ಕೇಳಿದರು. ಬರಬಹುದು ಎಂದು ಉತ್ತರ ಬಂತು. ನಾವು ನೀಗ್ರೋಗಳು ಎಂದು ತಿಳಿಸಿದಾಗ, ಹಾಗಾದರೆ ಇಲ್ಲ ಎಂದು ಉತ್ತರ ಬದಲಾಯಿತು. ಸ್ಪೆನ್ಸರ್ ಸುಮ್ಮನಾಗಲಿಲ್ಲ. ಕರಿಯರ ಹಕ್ಕುಗಳ ಹಳೆಯ ಸಂಘಟನೆಯಾದ ಎನ್‌ಎಎಸಿಪಿ ನೆರವಿನಿಂದ ನ್ಯಾಯಾಲಯಕ್ಕೆ ಹೋದರು. 1955ರಲ್ಲಿ ಪಾರ್ಕಿನ ಗೇಟು ತೆರೆಯಿತು. ಈಜುಕೊಳ ಮತ್ತು ನೃತ್ಯಶಾಲೆ ತೆರೆಯಲು 1961 ಆಗಬೇಕಾಯಿತು. ಒಂದೇ ನೀರಿನಲ್ಲಿ ಇಳಿಯುವುದು, ಒಬ್ಬರ ಕೈ ಒಬ್ಬರು ಹಿಡಿದು ಕುಣಿಯುವುದು ಎಂದರೆ ಬಿಳಿಯರ ಭಯ ಇಮ್ಮಡಿಯಾಗುತ್ತಿತ್ತು. ಮುಟ್ಟುವಿಕೆಯ ಸುತ್ತ ಕಟ್ಟಿದ ಈ ಭಯದ ಪರಿಚಯ ಭಾರತೀಯ ಓದುಗರಿಗೆ ಬೇರೆಯಾಗಿ ಮಾಡಿಕೊಡಬೇಕಿಲ್ಲ. ಮಕ್ಕಳಿಗಾಗಿ ಫೋನು ಎತ್ತಿದ ಆ ತಾಯಿ 1983ರಲ್ಲಿ ಸಿನ್ಸಿನಾಟಿ ನಗರಸಭೆಗೆ ಆಯ್ಕೆಯಾದ ಮೊದಲ ಕರಿಯ ಮಹಿಳೆಯಾದರು.

ಇದೇ ಸಂಕಟವನ್ನು ಜಗತ್ತಿಗೆ ತಿಳಿಯುವಂತೆ ಹೇಳಿದವರು ಮಾರ್ಟಿನ್ ಲೂಥರ್ ಕಿಂಗ್. ಅವರ ಹಿರಿಯ ಮಗಳು ಯೊಲಾಂಡ ಹುಟ್ಟಿದ್ದು 1955ರ ನವೆಂಬರಿನಲ್ಲಿ, ಡಿಸ್ನಿಲ್ಯಾಂಡ್ ತೆರೆದ ನಾಲ್ಕು ತಿಂಗಳಿಗೆ. ಅದಾದ ಮುಂದಿನ ತಿಂಗಳೇ ಕಿಂಗ್ ಮುಂದಾಳಾಗಿ ನಡೆಸಿದ ಮಾಂಟ್ಗೊಮರಿ ಬಸ್ ಬಹಿಷ್ಕಾರ ಆರಂಭವಾಯಿತು. ಕುಟುಂಬ ಅಟ್ಲಾಂಟಾಕ್ಕೆ ಬಂದ ಮೇಲೆ ತಂದೆಯನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗುವ ದಾರಿಯಲ್ಲಿ ಫನ್‌ಟೌನ್ ಎಂಬ ಪಾರ್ಕು ಸಿಗುತ್ತಿತ್ತು. ಪ್ರತಿ ಬಾರಿಯೂ ಮಗಳು ಅಲ್ಲಿಗೆ ಹೋಗಬೇಕೆನ್ನುವಳು. ಪ್ರತಿ ಬಾರಿಯೂ ತಂದೆ ಏನಾದರೊಂದು ಹೇಳಿ ಜಾರಿಕೊಳ್ಳುವರು. ಒಂದು ದಿನ ಟಿ.ವಿ.ಯಲ್ಲಿ ಆ ಪಾರ್ಕಿನ ಜಾಹೀರಾತು ನೋಡಿ ಮಗಳು ಓಡಿ ಬಂದಳು. ಇನ್ನು ಜಾರಿಕೊಳ್ಳುವಂತಿರಲಿಲ್ಲ. ತಂದೆ ತಾಯಿ ಮಗಳನ್ನು ನಡುವೆ ಕೂರಿಸಿಕೊಂಡು, ಅದು ಕರಿಯ ಮಕ್ಕಳಿಗೆ ಮುಚ್ಚಿದ ಜಾಗ ಎಂಬುದನ್ನು ಹೇಳಬೇಕಾಯಿತು. ಸಾವಿರಾರು ಜನರ ಮುಂದೆ ನಿರರ್ಗಳವಾಗಿ ಮಾತನಾಡುವ ತನಗೆ ಆರು ವರ್ಷದ ಮಗಳ ಮುಂದೆ ನಾಲಿಗೆ ತೊದಲಿತೆಂದು ಕಿಂಗ್ ನಂತರ ನೆನೆದಿದ್ದಾರೆ.

1963ರ ಏಪ್ರಿಲಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಅವರು ಬರೆದ ಪ್ರಸಿದ್ಧ ಪತ್ರದಲ್ಲಿ ಈ ಪ್ರಸಂಗ ಬರುತ್ತದೆ. ಸ್ವಲ್ಪ ಕಾಯಿರಿ, ಆತುರ ಬೇಡ ಎಂದು ಬುದ್ಧಿ ಹೇಳಿದ್ದ ಬಿಳಿಯ ಪಾದ್ರಿಗಳಿಗೆ ಬರೆದ ಉತ್ತರ ಅದು. ಏಕೆ ಕಾಯಲಾಗುವುದಿಲ್ಲ ಎಂಬುದಕ್ಕೆ ಒಂದೇ ದೀರ್ಘ ವಾಕ್ಯದಲ್ಲಿ ಕಾರಣಗಳನ್ನು ಪೋಣಿಸುತ್ತಾರೆ. ಗುಂಪು ಸೇರಿ ಕೊಂದ ಸಾವುಗಳು, ಪೊಲೀಸರ ಹೊಡೆತ, ಬಡತನ, ಇವುಗಳ ಸಾಲಿನಲ್ಲೇ ಪಾರ್ಕಿಗೆ ಹೋಗಲಾಗದ ಮಗಳ ಕಣ್ಣೀರನ್ನೂ ಇಡುತ್ತಾರೆ. ಕೊಲೆಯ ಪಕ್ಕದಲ್ಲಿ ಆಟದ ಪಾರ್ಕನ್ನು ಇಟ್ಟದ್ದು ಅತಿಶಯವೆಂದು ತೋರಬಹುದು. ಆದರೆ ತಾನು ಇತರರಿಗಿಂತ ಕೀಳು ಎಂಬ ಅರಿವು ಮಗುವಿನ ಮನಸ್ಸಿಗೆ ಮೊದಲ ಬಾರಿ ಇಳಿಯುವುದು ಇಂಥ ಕಡೆಯಲ್ಲೇ. ಮತದಾನದ ಹಕ್ಕಿಲ್ಲ ಎಂಬುದು ಆರು ವರ್ಷದ ಮಗುವಿಗೆ ತಿಳಿಯದು. ಕುದುರೆಯ ಮೇಲೆ ಕೂರುವಂತಿಲ್ಲ ಎಂಬುದು ಚೆನ್ನಾಗಿ ತಿಳಿಯುತ್ತದೆ. ಅದನ್ನು ತಿಳಿಸುವ ಕೆಲಸವೂ ಕಾವಲುಗಾರನದಲ್ಲ, ಅಪ್ಪ ಅಮ್ಮನದು.

ಕುದುರೆ ಏರಿದ ವಿದ್ಯಾರ್ಥಿಗಳು

1960ರ ಫೆಬ್ರುವರಿಯಲ್ಲಿ ಗ್ರೀನ್ಸ್‌ಬೊರೊ ಎಂಬ ಊರಿನ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಉಪಾಹಾರದ ಕಟ್ಟೆಯಲ್ಲಿ ಕೂತು ಏಳಲೊಲ್ಲದೆ ಹೊಸ ಮಾದರಿಯ ಪ್ರತಿಭಟನೆ ಆರಂಭಿಸಿದ್ದರು. ಕೂಡುವುದು, ಹೊಡೆದರೂ ತಿರುಗಿ ಹೊಡೆಯದಿರುವುದು, ಜೈಲಿಗೆ ಹೋಗಲು ಸಿದ್ಧರಿರುವುದು: ಈ ದಾರಿಯ ಬೇರು ಭಾರತದಲ್ಲಿತ್ತು. 1942ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಕೋರ್ ಸಂಘಟನೆಯ ಸ್ಥಾಪಕರು ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದವರು. ದಂಡಿ ಯಾತ್ರೆಯಲ್ಲಿ ಭಾಗವಹಿಸಿದ್ದ ಕೃಷ್ಣಲಾಲ್ ಶ್ರೀಧರಾಣಿ ಅಮೆರಿಕದಲ್ಲಿ ಬರೆದ ಪುಸ್ತಕ ಅವರಿಗೆ ಪಾಠವಾಗಿತ್ತು. ಕಿಂಗ್ ಕೂಡ 1959ರಲ್ಲಿ ಒಂದು ತಿಂಗಳ ಕಾಲ ಭಾರತದಲ್ಲಿ ಸುತ್ತಾಡಿ ಹೋಗಿದ್ದರು.

ಈ ಸತ್ಯಾಗ್ರಹ 1960ರ ಜೂನ್ 30ರಂದು ಮೆರಿ-ಗೋ-ರೌಂಡ್ ಏರಿತು. ವಾಷಿಂಗ್ಟನ್ ಬಳಿಯ ಗ್ಲೆನ್ ಎಕೋ ಪಾರ್ಕಿಗೆ ಹೊವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಗುಂಪೊಂದು ಬಂತು. ಬಿಳಿಯ ಸ್ನೇಹಿತರು ಕೊಂಡುಕೊಟ್ಟ ಟಿಕೆಟ್ ಹಿಡಿದು ಕೆಲವರು ಕುದುರೆಗಳ ಮೇಲೆ ಕೂತರು. ಯಂತ್ರ ತಿರುಗಲಿಲ್ಲ. ನಿನ್ನ ಜನಾಂಗ ಯಾವುದು ಎಂದು ಕಾವಲುಗಾರ ಕೇಳಿದಾಗ, ಮುಂದಾಳು ಲಾರೆನ್ಸ್ ಹೆನ್ರಿ ತಾನು ಮಾನವ ಜನಾಂಗದವನು ಎಂದ. ಐವರ ಬಂಧನವಾಯಿತು. ಆ ಬೇಸಿಗೆಯುದ್ದಕ್ಕೂ ಗೇಟಿನ ಮುಂದೆ ಪಿಕೆಟಿಂಗ್ ನಡೆಯಿತು. ಹತ್ತಿರದ ಬ್ಯಾನಕ್‌ಬರ್ನ್ ಬಡಾವಣೆಯ ಬಿಳಿಯ ಕುಟುಂಬಗಳು, ಅವರಲ್ಲೂ ಯಹೂದಿ ತಾಯಂದಿರು, ಮಕ್ಕಳೊಡನೆ ಬಂದು ವಿದ್ಯಾರ್ಥಿಗಳ ಜೊತೆ ನಿಂತರು. ಎದುರು ಸಾಲಿನಲ್ಲಿ ಅಮೆರಿಕದ ನಾತ್ಸಿ ಪಕ್ಷದವರು ನಿಂತಿದ್ದರು. 1961ರ ವಸಂತದಲ್ಲಿ ಪಾರ್ಕು ಮತ್ತೆ ತೆರೆದಾಗ ಬಾಗಿಲು ಎಲ್ಲರಿಗೂ ತೆರೆದಿತ್ತು.

ಗ್ವಿನ್ ಓಕ್ ಇನ್ನೂ ಹಟಮಾರಿ. ಅಲ್ಲಿ ಪ್ರತಿ ವರ್ಷ ‘ಎಲ್ಲ ರಾಷ್ಟ್ರಗಳ ದಿನ’ ಎಂಬ ಉತ್ಸವ ನಡೆಯುತ್ತಿತ್ತು. ಎಲ್ಲ ರಾಷ್ಟ್ರಗಳಿಗೂ ಜಾಗವಿದ್ದ ಆ ಉತ್ಸವದಲ್ಲಿ ಊರಿನ ಕರಿಯರಿಗೆ ಜಾಗವಿರಲಿಲ್ಲ. 1955ರಲ್ಲಿ ಪ್ರತಿಭಟನೆ ಆರಂಭವಾದದ್ದು ಆ ಉತ್ಸವದ ಮುಂದೆಯೇ. ಮಾಲೀಕರಾದ ಪ್ರೈಸ್ ಸೋದರರ ವಾದ ವ್ಯಾಪಾರದ್ದು. ಕರಿಯರು ಬಂದರೆ ಬಿಳಿಯರು ಬರುವುದಿಲ್ಲ, ನಷ್ಟವಾಗುತ್ತದೆ ಎಂದರು. ವರ್ಷದಿಂದ ವರ್ಷಕ್ಕೆ ಪ್ರತಿಭಟನೆ ನಡೆದರೂ ಗೇಟು ಕದಲಲಿಲ್ಲ.

1963ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಅಂದು ಬಾಲ್ಟಿಮೋರಿನ ಚರ್ಚುಗಳಿಂದ ಬಸ್ಸುಗಳಲ್ಲಿ ಹೊರಟ ನೂರಾರು ಜನ ಗ್ವಿನ್ ಓಕ್ ಮುಂದೆ ಇಳಿದರು. ಈ ಸಲ ಗುಂಪಿನ ಮುಂದೆ ಪಾದ್ರಿಗಳಿದ್ದರು, ರಬ್ಬಿಗಳಿದ್ದರು. ಪ್ರೆಸ್ಬಿಟೇರಿಯನ್ ಚರ್ಚಿನ ರಾಷ್ಟ್ರೀಯ ನಾಯಕ ಯೂಜೀನ್ ಕಾರ್ಸನ್ ಬ್ಲೇಕ್, ಯೇಲ್ ವಿಶ್ವವಿದ್ಯಾಲಯದ ಚಾಪ್ಲಿನ್ ವಿಲಿಯಂ ಸ್ಲೋನ್ ಕಾಫಿನ್, ಬಾಲ್ಟಿಮೋರಿನ ರಬ್ಬಿ ಮಾರಿಸ್ ಲೀಬರ್‌ಮನ್ ಬಂಧಿತರಾದವರಲ್ಲಿ ಸೇರಿದ್ದರು. ಒಂದೇ ದಿನ 280ಕ್ಕೂ ಹೆಚ್ಚು ಜನರನ್ನು ಪೊಲೀಸರು ಒಯ್ದರು. ಅವರಲ್ಲೊಬ್ಬ ಮೈಕೆಲ್ ಶ್ವೆರ್ನರ್ ಎಂಬ ಬಿಳಿಯ ತರುಣ ಮರು ವರ್ಷ ಮಿಸಿಸಿಪಿಯಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದಾಗ ಕೊಲೆಯಾದ. ಮೂರು ದಿನ ಬಿಟ್ಟು ಜುಲೈ 7ರಂದು ಮತ್ತೆ ಜನ ಬಂದರು, ಮತ್ತೆ ಬಂಧನಗಳಾದವು. ಕಲ್ಲೇಟಿನಿಂದ ಮುಖದಲ್ಲಿ ರಕ್ತ ಸುರಿದ ತರುಣಿಯೊಬ್ಬಳ ಚಿತ್ರ ಪತ್ರಿಕೆಗಳಲ್ಲಿ ಬಂತು.

ಧರ್ಮಗುರುಗಳನ್ನು ಪೊಲೀಸ್ ವಾಹನಕ್ಕೆ ಹತ್ತಿಸುವ ದೃಶ್ಯ ದೇಶದ ಗಮನ ಸೆಳೆಯಿತು. ಆಗ ಬಾಲ್ಟಿಮೋರ್ ಕೌಂಟಿಯ ಮುಖ್ಯಾಧಿಕಾರಿಯಾಗಿದ್ದವರು ಮುಂದೆ ನಿಕ್ಸನ್ ಕಾಲದಲ್ಲಿ ಅಮೆರಿಕದ ಉಪಾಧ್ಯಕ್ಷರಾದ ಸ್ಪೈರೊ ಆಗ್ನ್ಯು. ಮಾತುಕತೆ ನಡೆದು, ಜುಲೈ ಮುಗಿಯುವುದರೊಳಗೆ ಒಪ್ಪಂದವಾಯಿತು. ಆಗಸ್ಟ್ 28ರಿಂದ ಪಾರ್ಕು ಎಲ್ಲರಿಗೂ ಮುಕ್ತ ಎಂದು ಮಾಲೀಕರು ಒಪ್ಪಿದರು.

ಅದೇ ದಿನ, ಸುಮಾರು 60 ಕಿಲೊಮೀಟರ್ ದೂರದ ವಾಷಿಂಗ್ಟನ್ನಿನಲ್ಲಿ ಎರಡೂವರೆ ಲಕ್ಷದಷ್ಟು ಜನ ಲಿಂಕನ್ ಸ್ಮಾರಕದ ಮುಂದೆ ಸೇರಿದ್ದರು. ಕರಿಯ ಮಕ್ಕಳೂ ಬಿಳಿಯ ಮಕ್ಕಳೂ ಕೈ ಹಿಡಿದು ನಡೆಯುವ ಕನಸನ್ನು ಕಿಂಗ್ ಅಲ್ಲಿ ಹೇಳಿದರು. ಬಾಲ್ಟಿಮೋರಿನಲ್ಲಿ ಲ್ಯಾಂಗ್ಲಿ ದಂಪತಿಗಳು ಮಗಳನ್ನು ಎತ್ತಿಕೊಂಡು ಪಾರ್ಕಿಗೆ ಹೋದರು. ತಿಂಗಳ ಹಿಂದೆ ಜನ ಬೈದು ಕಲ್ಲು ಎಸೆದಿದ್ದ ಜಾಗ ಅದು. ಆ ದಿನ ಏನಾದೀತೆಂದು ಯಾರಿಗೂ ಖಾತರಿ ಇರಲಿಲ್ಲ. ಅಂಥ ಕಡೆಗೆ 11 ತಿಂಗಳ ಕೂಸನ್ನು ಕರೆದೊಯ್ಯಲು ಎಷ್ಟು ಧೈರ್ಯ ಬೇಕೆಂಬುದನ್ನು ಹೆತ್ತವರು ಊಹಿಸಬಲ್ಲರು. ಕೆಡುಕೇನೂ ಆಗಲಿಲ್ಲ. ಯಂತ್ರ ತಿರುಗಿತು, ಮಗು ಸುತ್ತು ಮುಗಿಸಿ ಇಳಿಯಿತು.

ಕಾನೂನಿನ ಮಾತು

1964ರ ನಾಗರಿಕ ಹಕ್ಕುಗಳ ಕಾಯಿದೆ ಹೋಟೆಲು, ಚಿತ್ರಮಂದಿರ, ಕ್ರೀಡಾಂಗಣಗಳಲ್ಲಿ ಭೇದಭಾವವನ್ನು ನಿಷೇಧಿಸಿತು. ಆದರೆ ‘ಮನರಂಜನೆಯ ಸ್ಥಳ’ ಎಂಬ ಮಾತಿನಲ್ಲಿ ಆಟದ ಪಾರ್ಕು ಸೇರುತ್ತದೆಯೇ? ಕೂತು ನೋಡುವುದು ಮಾತ್ರ ಮನರಂಜನೆ, ತಾನೇ ಆಡುವುದು ಅದರಲ್ಲಿ ಬರದು ಎಂದು ಕೆಲವು ಮಾಲೀಕರು ವಾದ ಹೂಡಿದರು. ಅರ್ಕಾನ್ಸಾದ ಲೇಕ್ ನಿಕ್ಸನ್ ಎಂಬ ವಿಹಾರ ತಾಣದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1969ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷದವರೆಗೂ ಕರಿಯ ಮಗುವಿನ ಆಟದ ಹಕ್ಕು ಕಾನೂನಿನ ಪದಕೋಶದಲ್ಲಿ ತೂಗಾಡುತ್ತಿತ್ತು.

ಈ ವಿಷಯದಲ್ಲಿ ಭಾರತದ ಸಂವಿಧಾನ ಮುಂದಿತ್ತೆಂಬುದನ್ನು ನೆನೆಯಬೇಕು. 1950ರಲ್ಲಿ ಜಾರಿಗೆ ಬಂದ ಅದರ 15ನೆಯ ವಿಧಿ ಜಾತಿ, ಧರ್ಮ, ಜನಾಂಗ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಜೊತೆಗೆ ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೂ ಯಾರನ್ನೂ ತಡೆಯಬಾರದೆಂದು ಹೆಸರಿಟ್ಟು ಹೇಳಿದೆ. ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಅಂಬೇಡ್ಕರರು ಬಾಲಕನಾಗಿದ್ದಾಗಲೇ ಪ್ರಯಾಣದ ದಾರಿಯಲ್ಲಿ ಗಾಡಿಯೂ ನೀರೂ ಸಿಗದೆ ಪರದಾಡಿದ ನೆನಪನ್ನು ಬರೆದಿಟ್ಟಿದ್ದಾರೆ. ಮುಚ್ಚಿದ ಬಾಗಿಲು ಮಗುವಿಗೆ ಏನು ಮಾಡುತ್ತದೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬರೆದ ವಿಧಿಗೂ ನಡೆಯುವ ರೀತಿಗೂ ಅಂತರವಿದೆ ಎಂಬುದು ನಿಜ. ಆದರೂ ಬರೆದಿಟ್ಟದ್ದರಿಂದಲೇ ಕೇಳಲು ಒಂದು ಆಧಾರವಿದೆ.

ಬೇಲಿ ಬದಲಾಯಿತು

ಕಿಂಗ್ ಮಗಳಿಗೆ ಕೊಟ್ಟ ಮಾತು ಸುಳ್ಳಾಗಲಿಲ್ಲ. ಫನ್‌ಟೌನ್ ಸದ್ದಿಲ್ಲದೆ ನಿಯಮ ಬದಲಿಸಿದ ಸುದ್ದಿ ತಿಳಿದ ಮೇಲೆ ಅವರು ಯೊಲಾಂಡಳನ್ನು ಅಲ್ಲಿಗೆ ಕರೆದೊಯ್ದರು. ಗುರುತು ಹಿಡಿದ ಕೆಲವು ಬಿಳಿಯರು ಹತ್ತಿರ ಬಂದು, ನೀವು ಬಂದದ್ದು ಸಂತೋಷ ಎಂದರಂತೆ. ಎಲ್ಲ ಬಿಳಿಯರೂ ನಿನ್ನನ್ನು ಬೇಡವೆನ್ನುವವರಲ್ಲ ಎಂದು ತಂದೆ ಹಿಂದೆ ಹೇಳಿದ್ದನ್ನು ಮಗಳು ಅಂದು ಕಿವಿಯಾರೆ ಕೇಳಿದಳು.

ಆದರೆ ಪಾರ್ಕುಗಳ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಬಾಗಿಲು ತೆರೆದ ಕೆಲವೇ ವರ್ಷಗಳಲ್ಲಿ ಹಳೆಯ ಟ್ರಾಮು ಪಾರ್ಕುಗಳು ಒಂದೊಂದಾಗಿ ಮುಚ್ಚಿದವು. ಗ್ಲೆನ್ ಎಕೋದ ಆಟಗಳು 1968ರಲ್ಲಿ ನಿಂತವು. 1972ರ ಆಗ್ನೆಸ್ ಚಂಡಮಾರುತದ ಪ್ರವಾಹ ಗ್ವಿನ್ ಓಕನ್ನು ಮುಗಿಸಿತು. ಟ್ರಾಮುಗಳೇ ಹೋಗಿದ್ದವು, ಬಿಳಿಯರು ಊರಾಚೆಯ ಬಡಾವಣೆಗಳಿಗೆ ಸರಿದಿದ್ದರು, ನಗರದ ನೆಲದ ಬೆಲೆ ಏರಿತ್ತು. ಹೊಸ ಥೀಮ್ ಪಾರ್ಕುಗಳು ಹೆದ್ದಾರಿಯ ಪಕ್ಕದಲ್ಲಿ ಹುಟ್ಟಿದವು. ಅಲ್ಲಿಗೆ ಹೋಗಲು ಕಾರು ಬೇಕು. ಒಳಹೋಗಲು ಗೇಟಿನಲ್ಲೇ ದೊಡ್ಡ ಮೊತ್ತ ತೆರಬೇಕು. ಟ್ರಾಮು ಹತ್ತಿ ಬಂದು, ಬೇಕಾದ ಒಂದೆರಡು ಆಟಕ್ಕೆ ಮಾತ್ರ ಚಿಲ್ಲರೆ ಕೊಟ್ಟು, ಉಳಿದದ್ದನ್ನು ನೋಡಿ ಸಂತೋಷಪಡುತ್ತಿದ್ದ ಬಡವನಿಗೆ ಆ ಸೌಲಭ್ಯ ತಪ್ಪಿತು. ಬಣ್ಣ ಕೇಳುವ ಕಾವಲುಗಾರ ಹೋದ ಜಾಗದಲ್ಲಿ ಕಿಸೆ ಕೇಳುವ ಕಿಟಕಿ ಬಂತು.

ಗ್ವಿನ್ ಓಕಿನ ಮೆರಿ-ಗೋ-ರೌಂಡ್ ಮಾತ್ರ ಪ್ರವಾಹದಿಂದ ಬದುಕಿತು. 1981ರಲ್ಲಿ ಅದನ್ನು ವಾಷಿಂಗ್ಟನ್ನಿಗೆ ತಂದು, ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಗಳ ಮುಂದಿನ ವಿಶಾಲ ಬಯಲಿನಲ್ಲಿ ನಿಲ್ಲಿಸಲಾಯಿತು. ಅದರ ಒಂದು ಕುದುರೆಗೆ ಶರಾನ್ ಲ್ಯಾಂಗ್ಲಿಯ ಹೆಸರನ್ನಿಟ್ಟರು. ಶಿಕ್ಷಣ ಕ್ಷೇತ್ರದಲ್ಲಿ ದುಡಿದ ಶರಾನ್ ತನಗೆ ನೆನಪೇ ಇಲ್ಲದ ಆ ದಿನದ ಕಥೆಯನ್ನು ಮಕ್ಕಳಿಗಾಗಿ ಇನ್ನೊಬ್ಬ ಲೇಖಕಿಯ ಜೊತೆಗೂಡಿ ಬರೆದ ಪುಸ್ತಕ 2020ರಲ್ಲಿ ಹೊರಬಂದಿತು. 2023ರಲ್ಲಿ ಮೆರಿ-ಗೋ-ರೌಂಡನ್ನು ಜೀರ್ಣೋದ್ಧಾರಕ್ಕಾಗಿ ಬಿಚ್ಚಲಾಯಿತು.

ಮೆರಿ-ಗೋ-ರೌಂಡಿನ ರಚನೆಯಲ್ಲಿ ಒಂದು ವಿಶೇಷವಿದೆ. ರೈಲಿನಲ್ಲಿ ಮೊದಲ ಡಬ್ಬಿ ಕೊನೆಯ ಡಬ್ಬಿ ಎಂದಿರುತ್ತದೆ, ಬಸ್ಸಿನಲ್ಲಿ ಮುಂದಿನ ಸೀಟು ಹಿಂದಿನ ಸೀಟು ಎಂದಿರುತ್ತದೆ. ಅಮೆರಿಕದ ಬಸ್ಸುಗಳಲ್ಲಿ ಕರಿಯರಿಗೆ ಹಿಂದಿನ ಸೀಟುಗಳೇ ಗತಿಯಾಗಿದ್ದವು. ಸುತ್ತುವ ಕುದುರೆಗಳಲ್ಲಿ ಮುಂದಿನದು ಯಾವುದು, ಹಿಂದಿನದು ಯಾವುದು ಎಂದು ಹೇಳಲು ಬರುವುದಿಲ್ಲ. ಅದರ ಮೇಲೆ ಕೂತ ಮಗುವಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ವಿವರಿಸಲು ಕಷ್ಟಪಡಬೇಕಾದದ್ದು ಮಗುವನ್ನು ಹೊರಗೆ ನಿಲ್ಲಿಸಿದಾಗ ಮಾತ್ರ. ಹೆತ್ತವರ ನಾಲಿಗೆ ತೊದಲುವಂಥ ಆ ವಿವರಣೆಯ ಅಗತ್ಯವೇ ಬೀಳದ ಒಂದು ಸಾಮಾನ್ಯ ರಜಾದಿನಕ್ಕಾಗಿ ಅಷ್ಟು ಜನ ಜೈಲಿಗೆ ಹೋದರು.